ಸ್ಟರ್ಲಿಂಗ್ ಸಾಹುಕಾರರ ಬಾಡಿಗೆ ಮನೆಗಳು

ರಜೆಗೆಂದು ದುಬೈಯಿಂದ ಬಂದಿರುವ ನನ್ನ ತಂಗಿಯ ಮಗನಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಎಂದರೆ ಪ್ರಾಣ. ಊಟಕ್ಕೆ ಕುಳಿತಾಗಲೂ ಕಣ್ಣು ಮೊಬೈಲಿನಲ್ಲೇ. ಮೊನ್ನೆ ಅವನೇ ಮಾತು ತೆಗೆದ. "ಮಾಮ, ಅಮೆರಿಕದಲ್ಲಿ ಕರಿಯರ ಬಗ್ಗೆ ಒಂದು ಕೆಟ್ಟ ಮಾತಾಡಿದ್ದಕ್ಕೆ ಒಬ್ಬ ಮಾಲೀಕನ ಕೈಯಿಂದ ಟೀಮೇ ಹೋಯಿತು. ನಮ್ಮಲ್ಲಿ ಹಾಗಾಗುವುದುಂಟಾ?"

ಅವನು ಹೇಳಿದ್ದು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡದ ಮಾಲೀಕನಾಗಿದ್ದ ಡೊನಾಲ್ಡ್ ಸ್ಟರ್ಲಿಂಗ್ ವಿಷಯ. ತನ್ನ ಪಂದ್ಯಗಳಿಗೆ ಕರಿಯರನ್ನು ಕರೆತರಬೇಡ ಎಂದು ಗೆಳತಿಯೊಬ್ಬಳಿಗೆ ಆತ ಹೇಳಿದ ಮಾತಿನ ಧ್ವನಿಮುದ್ರಣ 2014ರ ಏಪ್ರಿಲ್‌ನಲ್ಲಿ ಹೊರಬಂತು. ಆತನ ತಂಡದ ಆಟಗಾರರಲ್ಲಿ ಹೆಚ್ಚಿನವರು ಕರಿಯರೇ. ಮುಂದಿನ ಪಂದ್ಯದ ಅಭ್ಯಾಸಕ್ಕೆ ಅವರು ತಂಡದ ಹೆಸರು ಕಾಣದಂತೆ ಅಂಗಿಯನ್ನು ಒಳಹೊರಗು ಮಾಡಿ ತೊಟ್ಟು ಬಂದರು. ಏಪ್ರಿಲ್ 29ರಂದು ಎನ್‌ಬಿಎ ಮುಖ್ಯಸ್ಥ ಆಡಮ್ ಸಿಲ್ವರ್, ಸ್ಟರ್ಲಿಂಗ್‌ಗೆ ಆಜೀವ ನಿಷೇಧ ಹೇರಿ 25 ಲಕ್ಷ ಡಾಲರ್ ದಂಡ ಹಾಕಿದರು. ತಂಡವನ್ನು ಮೈಕ್ರೋಸಾಫ್ಟ್‌ನ ಸ್ಟೀವ್ ಬಾಲ್ಮರ್ 200 ಕೋಟಿ ಡಾಲರ್‌ಗೆ ಕೊಂಡರು. ಅಷ್ಟು ಹಣ ಕೈಗೆ ಬರುವುದಾದರೆ ಅದನ್ನು ಶಿಕ್ಷೆ ಎನ್ನಬೇಕೋ ವ್ಯಾಪಾರ ಎನ್ನಬೇಕೋ, ನನಗೆ ಇನ್ನೂ ಗೊತ್ತಾಗಿಲ್ಲ.

ಕಥೆ ಇಷ್ಟೇ ಆಗಿದ್ದರೆ ನಾನೂ ಅಳಿಯನ ಮಾತಿಗೆ ಹೌದೆನ್ನುತ್ತಿದ್ದೆ. ಆದರೆ ಸ್ಟರ್ಲಿಂಗ್‌ನ ಮೂಲ ವ್ಯಾಪಾರ ಬಾಸ್ಕೆಟ್‌ಬಾಲ್ ಅಲ್ಲ, ಬಾಡಿಗೆ ಮನೆಗಳು. ಕರಿಯರಿಗೆ, ಸ್ಪ್ಯಾನಿಷ್ ಮೂಲದವರಿಗೆ, ಮಕ್ಕಳಿರುವ ಕುಟುಂಬಗಳಿಗೆ ಆತ ಮನೆ ಕೊಡುತ್ತಿಲ್ಲ ಎಂದು ಅಮೆರಿಕದ ನ್ಯಾಯ ಇಲಾಖೆ 2006ರಲ್ಲಿ ಕೇಸು ಹಾಕಿತ್ತು. 2009ರಲ್ಲಿ ತಪ್ಪೊಪ್ಪಿಕೊಳ್ಳದೆಯೇ ಸುಮಾರು 27 ಲಕ್ಷ ಡಾಲರ್ ಕೊಟ್ಟು ಆತ ಅದನ್ನು ಮುಗಿಸಿಕೊಂಡ. ಆಗ ಲೀಗ್ ಏನೂ ಮಾಡಲಿಲ್ಲ. ಯಾರೂ ಅಂಗಿ ತಿರುಗಿಸಿ ತೊಡಲಿಲ್ಲ. 2014ರಲ್ಲಿ ಆ ಧ್ವನಿಮುದ್ರಣ ಬರುವ ಹೊತ್ತಿಗೆ, ಕರಿಯರ ಹಕ್ಕುಗಳ ಹಳೆಯ ಸಂಘಟನೆಯಾದ ಎನ್‌ಎಎಸಿಪಿಯ ಲಾಸ್ ಏಂಜಲೀಸ್ ಶಾಖೆಯೇ ಆತನಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಡಲು ಹೊರಟಿತ್ತು!

ನನ್ನ ತಕರಾರು ಇಲ್ಲೇ ಇರುವುದು. ಜನಾಂಗೀಯತೆಯ ಆರೋಪ ಎಂದರೆ ಯಾರು ಏನೆಂದರು ಎಂಬ ಜಗಳ ಎಂದಾಗಿಬಿಟ್ಟಿದೆ. ರಾಜಕೀಯದಲ್ಲೂ ಅದೇ. ಡೊನಾಲ್ಡ್ ಟ್ರಂಪ್ ಆಡಿದ ಒಂದೊಂದು ಮಾತಿಗೂ ವಾರಗಟ್ಟಲೆ ಚರ್ಚೆ ನಡೆಯುತ್ತದೆ. 1973ರಲ್ಲಿ ಅದೇ ನ್ಯಾಯ ಇಲಾಖೆ ಟ್ರಂಪ್, ಅವರ ತಂದೆ ಮತ್ತು ಅವರ ಕಂಪನಿಯ ಮೇಲೆ ಕರಿಯರಿಗೆ ಮನೆ ಕೊಡುವುದಿಲ್ಲವೆಂದು ಹಾಕಿದ್ದ ಕೇಸು ಎಷ್ಟು ಜನರಿಗೆ ನೆನಪಿದೆ? ಅದೂ 1975ರಲ್ಲಿ ತಪ್ಪೊಪ್ಪಿಗೆಯಿಲ್ಲದೆ ರಾಜಿಯಲ್ಲಿ ಮುಗಿಯಿತು. ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ ಎಂದು ಯಾರು ಬೇಕಾದರೂ ಹೇಳಬಹುದು. ಒಬ್ಬರ ನಿಯ್ಯತ್ತು ಪಡೆದವನಿಗೆ ಮಾತ್ರ ಗೊತ್ತು. ಆದರೆ ಯಾರಿಗೆ ಮನೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ಎಣಿಸಿ ನೋಡಬಹುದು.

ಅಲ್ಲಿ ಎಣಿಸಿಯೂ ನೋಡುತ್ತಾರೆ. ಮೊದಲು ಒಬ್ಬ ಕರಿಯನನ್ನು ಬಾಡಿಗೆ ಕೇಳಲು ಕಳಿಸುತ್ತಾರೆ. ಖಾಲಿ ಇಲ್ಲ ಎಂಬ ಉತ್ತರ ಬರುತ್ತದೆ. ಸ್ವಲ್ಪ ಹೊತ್ತಿಗೆ ಅಷ್ಟೇ ಸಂಬಳದ ಬಿಳಿಯನನ್ನು ಕಳಿಸುತ್ತಾರೆ. ಬನ್ನಿ, ಮನೆ ನೋಡಿ ಎನ್ನುತ್ತಾರೆ. ಟ್ರಂಪ್ ಕೇಸಿನಲ್ಲೂ ಹೀಗೆ ಪರೀಕ್ಷೆ ಮಾಡಿದ್ದರು. ಅಲ್ಲಿ ಯಾರೂ ಒಂದು ಕೆಟ್ಟ ಮಾತೂ ಆಡಿರುವುದಿಲ್ಲ, ಗಮನಿಸಿ.

ಇನ್ನೊಂದನ್ನು ಹೇಳಲೇಬೇಕು, ಅದು ಸ್ಟರ್ಲಿಂಗ್ ಕಥೆಗಿಂತ ಕೆಟ್ಟದು. ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿ ಪ್ರತಿಭಟಿಸಿದ ಕಾಲಿನ್ ಕೆಪರ್ನಿಕ್‌ಗೆ 2017ರಿಂದ ಯಾವ ತಂಡದಲ್ಲೂ ಜಾಗ ಸಿಗಲಿಲ್ಲವಲ್ಲ, ಅದೇ ಅಮೆರಿಕನ್ ಫುಟ್‌ಬಾಲ್ ಲೀಗ್ 2020ರಲ್ಲಿ ಮೈದಾನದ ಕೊನೆಯಲ್ಲಿ ಜನಾಂಗೀಯತೆ ಕೊನೆಗೊಳಿಸಿ ಎಂದು ದೊಡ್ಡಕ್ಷರದಲ್ಲಿ ಬರೆಸಿತು. ಅದೇ ಹೊತ್ತಿಗೆ, ತಲೆಗೆ ಪೆಟ್ಟು ಬಿದ್ದೂ ಬಿದ್ದೂ ಮರೆವಿನ ರೋಗ ಹಿಡಿದ ಹಳೆಯ ಆಟಗಾರರ ಪರಿಹಾರದ ಲೆಕ್ಕದಲ್ಲಿ ಬೇರೆಯೇ ಸೂತ್ರ ನಡೆಯುತ್ತಿತ್ತು. ಕರಿಯರ ಬುದ್ಧಿಶಕ್ತಿ ಮೊದಲೇ ಕಡಿಮೆ ಮಟ್ಟದ್ದೆಂದು ಹಿಡಿದು ಆ ಲೆಕ್ಕ. ಪರೀಕ್ಷೆಯಲ್ಲಿ ಇಬ್ಬರಿಗೂ ಅಷ್ಟೇ ಅಂಕ ಬಂದರೂ ಬಿಳಿಯ ರೋಗಿಯಾಗುತ್ತಿದ್ದ, ಕರಿಯ ಆಗುತ್ತಿರಲಿಲ್ಲ. ನಜೆ ಡೇವನ್‌ಪೋರ್ಟ್, ಕೆವಿನ್ ಹೆನ್ರಿ ಎಂಬ ಇಬ್ಬರು ಮಾಜಿ ಆಟಗಾರರು 2020ರಲ್ಲಿ ಕೋರ್ಟಿಗೆ ಹೋದರು. 2021ರ ಜೂನ್‌ನಲ್ಲಷ್ಟೇ ಲೀಗ್ ಆ ಸೂತ್ರ ಬಿಡುವುದಾಗಿ ಒಪ್ಪಿತು.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಬೆಂಗಳೂರಿನಲ್ಲಿ ಓದಲು, ಕೆಲಸಕ್ಕೆ ಹೋದ ನಮ್ಮ ಮಕ್ಕಳು ಬಾಡಿಗೆ ಮನೆ ಹುಡುಕುವಾಗ ಫೋನಿನಲ್ಲಿ ಖಾಲಿ ಇದ್ದದ್ದು, ಹೆಸರು ಕೇಳಿದ ಮೇಲೆ ಭರ್ತಿಯಾಗುವ ಸಂಗತಿಯನ್ನೂ ಹೇಳಿದೆ. ಅಂಥ ಮಾಲೀಕರೂ ಬೈಯುವುದಿಲ್ಲ, ಚಹಾ ಕುಡಿದು ಹೋಗಿ ಎನ್ನುತ್ತಾರೆ.

ಅವನು ಮೊಬೈಲ್ ಕೆಳಗಿಟ್ಟು ಪೂರ್ತಿ ಕೇಳಿದ. ನಮ್ಮ ಮನೆಯ ಹಿಂದೆ ಬಾಡಿಗೆಗೆಂದು ಕಟ್ಟಿಸಿದ ಎರಡು ಕೋಣೆಗಳಿವೆ. ಹೋದ ತಿಂಗಳು ಅಸ್ಸಾಮಿನ ಒಂದು ಕುಟುಂಬ ಕೇಳಿಕೊಂಡು ಬಂದಿತ್ತು. ಗಂಡ ಗಾರೆ ಕೆಲಸದವನು, ಹೆಂಡತಿಯ ಸೊಂಟದಲ್ಲೊಂದು ಮಗು. ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದು ನಾನೇ ಹೇಳಿ ಕಳಿಸಿದ್ದೆ. ಅಳಿಯ ಆಗ ಜಗಲಿಯಲ್ಲೇ ಕುಳಿತಿದ್ದ.

"ಮಾಮ, ಆ ಕೋಣೆಗೆ ಯಾರೂ ಬರಲೇ ಇಲ್ಲವಲ್ಲ?" ಎಂದು ಕೇಳಿದ.