ಸೋತಾಗ ಕೋಚ್ ಮನೆಗೆ: ಹಾಕಿಯಲ್ಲಿ ತಪ್ಪು ಯಾರದ್ದು?

ರಾಯಾಪುರ: ಭಾರತ ಹಾಕಿ ತಂಡ ಸೋತರೆ ಚಹಾದಂಗಡಿ ಕಟ್ಟೆ ಮೇಲೆ ಎರಡು ಪಕ್ಷ ಆಗ್ತಾವು. ‘ಕೋಚ್ ಸರಿ ಇಲ್ರೀ, ಮೊದಲ ಅವನ್ನ ತೆಗೀಬೇಕು’ ಅನ್ನೋರು ಒಂದು ಕಡೆ. ‘ಕೋಚ್ ಏನ್ ಮಾಡ್ತಾನ್ರೀ, ಆಡೋರಿಗೆ ಬರಬೇಕಲ್ಲ’ ಅನ್ನೋರು ಇನ್ನೊಂದು ಕಡೆ. 2023ರಿಂದ ಈಚಿನ ಫಲಿತಾಂಶ ನೋಡಿದರೆ ಇಬ್ಬರಿಗೂ ಸಾಕ್ಷಿ ಸಿಗುತ್ತದೆ.

ಮೊದಲು ಪುರುಷರ ತಂಡ. 2023ರ ಜನವರಿಯಲ್ಲಿ ಭುವನೇಶ್ವರದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ನ್ಯೂಜಿಲೆಂಡ್ ವಿರುದ್ಧ 3-1ರ ಮುನ್ನಡೆ ಇತ್ತು. ಅದು 3-3 ಆಗಿ, ಕೊನೆಗೆ ಶೂಟೌಟ್‌ನಲ್ಲಿ ಸೋಲಾಯಿತು. ತಂಡ ಒಂಬತ್ತನೇ ಸ್ಥಾನಕ್ಕೆ ಇಳಿಯಿತು, ಕೋಚ್ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟರು. ಟೋಕಿಯೊದಲ್ಲಿ 41 ವರ್ಷಗಳ ಬಳಿಕ ಒಲಿಂಪಿಕ್ ಪದಕ ತಂದುಕೊಟ್ಟಿದ್ದೂ ಅವರೇ!

ಆಮೇಲೆ ಕ್ರೇಗ್ ಫುಲ್ಟನ್ ಬಂದರು. ಮನೋಸ್ಥೈರ್ಯಕ್ಕೆ ಅಂತ ಪ್ಯಾಡಿ ಅಪ್ಟನ್ ಅವರನ್ನೂ ಕರೆಸಿದರು. 2024ರ ಪ್ಯಾರಿಸ್ ತಂಡದ 16 ಜನರಲ್ಲಿ 12 ಮಂದಿ ಆ ಸೋತ ವಿಶ್ವಕಪ್ ತಂಡದವರೇ. ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿದ್ದ ಮೇಲೆ 40 ನಿಮಿಷಕ್ಕೂ ಹೆಚ್ಚು ಹೊತ್ತು ಹತ್ತೇ ಜನ ಆಡಿ, ಬ್ರಿಟನ್ ವಿರುದ್ಧ ಅದೇ ಶೂಟೌಟ್ ಗೆದ್ದರು. ಕಂಚೂ ಬಂತು. ಇಲ್ಲಿ ‘ಕೋಚ್ ಪಕ್ಷ’ದ ಮಾತು ಖರೆ.

ಮಹಿಳೆಯರ ಕಡೆ ಕತೆ ಬೇರೆ. 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0-1ರಿಂದ ಸೋತು ಒಲಿಂಪಿಕ್ಸ್ ಟಿಕೆಟ್ ತಪ್ಪಿತು. ಸಿಕ್ಕ ಪೆನಾಲ್ಟಿ ಕಾರ್ನರ್‌ಗಳಲ್ಲಿ ಒಂದೂ ಗೋಲಾಗಲಿಲ್ಲ. ಕೋಚ್ ಯಾನೆಕ್ ಶೋಪ್‌ಮನ್ ಹೋದರು, ಹರೇಂದ್ರ ಸಿಂಗ್ ಬಂದರು. ಆದರೂ 2024-25ರ ಪ್ರೊ ಲೀಗ್‌ನಲ್ಲಿ ತಂಡ ಕೊನೆಯ ಸ್ಥಾನಕ್ಕೆ ಬಿದ್ದು ಲೀಗ್‌ನಿಂದಲೇ ಹೊರಬಿತ್ತು. ಬಳಿಕ ಹರೇಂದ್ರ ಅವರೂ ಬಿಟ್ಟರು.

ವ್ಯತ್ಯಾಸ ಇಷ್ಟೇ. ಪುರುಷರಲ್ಲಿ ಸಾಮಾನು ಗೋದಾಮಿನಾಗ ಇತ್ತು, ಜೋಡಿಸೋದು ತಪ್ಪಿತ್ತು. ಮಹಿಳೆಯರಲ್ಲಿ ನೆಚ್ಚಿಕೊಳ್ಳಬಹುದಾದ ಡ್ರ್ಯಾಗ್ ಫ್ಲಿಕರ್‌ಗಳೇ ಕಡಿಮೆ. ಅಂಥವರನ್ನ ಯಾವ ಕೋಚೂ ಆರು ತಿಂಗಳಲ್ಲಿ ತಯಾರು ಮಾಡಲಾರ. ಹಾಗಂತ ಕೋಚ್‌ಗಳನ್ನ ಪದೇ ಪದೇ ಬದಲಿಸಿದರೂ ನಡೆಯಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಸ್ಥಾನ ಪಡೆದ ಪುರುಷರ ತಂಡ 2019ರ ಆರಂಭದೊಳಗೆ ಆರು ಕೋಚ್‌ಗಳನ್ನ ಕಂಡಿತ್ತು. ವರ್ಷಕ್ಕೊಬ್ಬ ಮ್ಯಾನೇಜರ್ ಬಂದರೆ ಅಂಗಡಿಯ ಉದ್ರಿ ಲೆಕ್ಕ ಏನಾಗತದ ಅಂತ ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ.

ಕರ್ನಾಟಕದ ಪ್ರಶ್ನೆ ಇನ್ನೂ ಗಂಭೀರ. 2016ರ ರಿಯೊ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ ಹೀಗೆ ನಾಲ್ವರು ಕೊಡಗಿನವರಿದ್ದರು. ಟೋಕಿಯೊ, ಪ್ಯಾರಿಸ್ ಪುರುಷರ ತಂಡಗಳಲ್ಲಿ ರಾಜ್ಯದವರು ಒಬ್ಬರೂ ಇಲ್ಲ. ಆಡೋರಿಗೇನೂ ಬರ ಇಲ್ಲ. 2024ರ ಕೊಡವ ಹಾಕಿ ಉತ್ಸವಕ್ಕೆ 360 ಕುಟುಂಬಗಳು ತಂಡ ಇಳಿಸಿದ್ದವು.

ಆದರೆ ಒಲಿಂಪಿಕ್ಸ್ ಹಾಕಿ 1976ರಿಂದ ಕೃತಕ ಹುಲ್ಲಿನ ಮೇಲೆ ನಡೆದದ. ಮಣ್ಣಿನ ಮೈದಾನದಾಗ ಬೆಳೆದ ಹುಡುಗ ಹದಿನಾರಕ್ಕೆ ಟರ್ಫ್ ಏರಿದರೆ ಚೆಂಡು ತಡೆಯೋದನ್ನೇ ಹೊಸದಾಗಿ ಕಲೀಬೇಕು. ತಾಲೂಕಿನ ಶಾಲಾ ತಂಡಗಳಿಗೆ ವಾರಕ್ಕೆ ಎಷ್ಟು ತಾಸು ಟರ್ಫ್ ಸಿಗತದ ಅನ್ನೋದನ್ನ ಕ್ರೀಡಾ ಇಲಾಖೆಗೆ ಯಾರಾದರೂ ಕೇಳಬೇಕು.