ಪದಕ ಕೊಟ್ಟರು, ಕೋವಿ ಕೊಡಲಿಲ್ಲ

ಜಾಬ್ ಮಸೇಕೊ ಎಂಬ ಹೆಸರು ನಾವು ಓದಿದ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ದಕ್ಷಿಣ ಆಫ್ರಿಕದ ಕಪ್ಪು ಮನುಷ್ಯ. ಎರಡನೆ ಮಹಾಯುದ್ಧದಲ್ಲಿ ಬಿಳಿಯರ ಸೈನ್ಯ ಸೇರಿದ. ಸೇರಿದವನ ಕೈಗೆ ಕೋವಿ ಕೊಡಲಿಲ್ಲ. ಕರಿಯರ ಕೈಗೆ ಕೋವಿ ಕೊಟ್ಟರೆ ನಾಳೆ ಅದು ಯಾರ ಕಡೆ ತಿರುಗೀತೋ ಎಂಬ ಭಯ ಅವರಿಗೆ. ಹೊರೆ ಹೊರು, ಲಾರಿ ಓಡಿಸು, ಗಾಯಗೊಂಡವರನ್ನು ಎತ್ತಿ ತಾ. ಕಾವಲಿಗೆ ನಿಂತರೆ ಕೈಯಲ್ಲಿ ಈಟಿ. ಎದುರಿಗೆ ಜರ್ಮನಿಯ ಟ್ಯಾಂಕು!

1942ರ ಜೂನ್ 21ರಂದು ಲಿಬಿಯಾದ ಟೊಬ್ರುಕ್ ಬಂದರು ಶತ್ರುಗಳ ವಶವಾಯಿತು. ಸಾವಿರಾರು ಮಂದಿಯ ಜೊತೆ ಮಸೇಕೊ ಸೆರೆಯಾದ. ಅಲ್ಲೂ ಅದೇ ಕೂಲಿ, ಹಡಗಿನ ಸರಕು ಇಳಿಸೋದು. ಜುಲೈನಲ್ಲಿ ಒಂದು ದಿನ ಹಾಲಿನ ಖಾಲಿ ಡಬ್ಬಿಗೆ ಮದ್ದು ತುಂಬಿ, ಹಡಗಿನ ಪೆಟ್ರೋಲ್ ಪೀಪಾಯಿಗಳ ನಡುವೆ ಇಟ್ಟು, ಬತ್ತಿಗೆ ಕಿಡಿ ಹಚ್ಚಿ ಇಳಿದು ಬಂದ. ಹಡಗು ಸಿಡಿದು ಮುಳುಗಿತು.

ಅವನಿಗೆ ಮಿಲಿಟರಿ ಮೆಡಲ್ ಸಿಕ್ಕಿತು. ಶಿಫಾರಸಾಗಿದ್ದದ್ದು ವಿಕ್ಟೋರಿಯಾ ಕ್ರಾಸ್‌ಗೆ, ಕರಿಯನೆಂದು ಇಷ್ಟಕ್ಕೇ ಇಳಿಸಿದರು ಅಂತ ಅವನ ಚಿತ್ರ ಬರೆದ ಬಿಳಿಯ ಕಲಾವಿದ ನೆವಿಲ್ ಲೂಯಿಸ್ ಹೇಳಿದ್ದಾರೆ. 1948ರಲ್ಲಿ ಅವನ ನಾಡಿನಲ್ಲಿ ವರ್ಣಭೇದವೇ ಸರಕಾರದ ನೀತಿಯಾಯಿತು. 1952ರಲ್ಲಿ ರೈಲಿಗೆ ಸಿಕ್ಕಿ ಸತ್ತ ಅವನನ್ನು ಸಾಲದ ದುಡ್ಡಿನಲ್ಲಿ ಮಣ್ಣು ಮಾಡಿದರು. ಪದಕ ಹೆಣದ ಖರ್ಚಿಗೂ ಆಗಲಿಲ್ಲ.

ಇದು ನಮಗೆ ದೂರದ ಕತೆಯೇ? ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲ್ ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರ್. ಆ ಸುಬೇದಾರರ ಮಗ ಸ್ಕೂಲಿನಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಾಯಿತು. 1917ರಲ್ಲಿ ಯುದ್ಧಕ್ಕೆ ಜನ ಬೇಕಾದಾಗ ಮಹಾರರ ಪಲ್ಟನ್ ಕಟ್ಟಿದರು. 1921ಕ್ಕೆ ಮುರಿದು ಮನೆಗೆ ಕಳಿಸಿದರು. ಬೇಕಾದಾಗ ವೀರ, ಬೇಡವಾದಾಗ ಅಸ್ಪೃಶ್ಯ.

ಧಣಿಗಳ ಯುದ್ಧದಲ್ಲಿ ಅವನಿಗೇನು ಕೆಲಸ ಅಂತ ನಮ್ಮಲ್ಲೇ ಕೆಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಡಬ್ಬಿ ತುಂಬು ಅಂತ ಯಾವ ಧಣಿಯೂ ಅಪ್ಪಣೆ ಕೊಟ್ಟಿರಲಿಲ್ಲ. ಧೈರ್ಯ ಅವನದು. ಅದನ್ನು ತೂಗಿದ ತಕ್ಕಡಿ ಮಾತ್ರ ಅವರದು.

ನಮ್ಮನ್ನೂ ವರ್ಷಕ್ಕೊಂದು ದಿನ ವೇದಿಕೆಗೆ ಕರೆದು ಹಾರ ಹಾಕುತ್ತಾರೆ. ಹಾಕಲಿ. ಆದರೆ ಹಾಸ್ಟೆಲಿನ ಗೆಳೆಯರೆ, ಹಾರ ಹಾಕುವ ಕೈ ಭೂಮಿಯಲ್ಲಿ, ಓದಿನಲ್ಲಿ, ಅಧಿಕಾರದಲ್ಲಿ ನಮ್ಮ ಪಾಲು ಕೊಡುತ್ತದೆಯೇ? ಆ ವೇದಿಕೆ ಮೇಲೆ ನಿಂತೇ ಕೇಳೋಣ. ಉತ್ತರ ಬಾರದಿದ್ದರೆ ಹಾರ ತೆಗೆದಿಟ್ಟು ಕೆಳಗಿಳಿಯೋಣ. ತಕ್ಕಡಿ ನಮ್ಮ ಕೈಗೆ ಬರೋ ತನಕ ಯಾವ ಪದಕಕ್ಕೂ ನಾವು ತಲೆಬಾಗಬೇಕಾಗಿಲ್ಲ.

ಜೈ ಭೀಮ್.