ಕಾಣಲು ಒಂದೇ, ಕೂರಲು ಬೇರೆ

ಕುಕ್ಕರಿನ ರಬ್ಬರ್ ಹಳತಾಯಿತೆಂದು ಅಂಗಡಿಗೆ ಹೋಗಿ ‘ಐದು ಲೀಟರಿನದ್ದು ಕೊಡಿ’ ಎಂದರೆ ಅಂಗಡಿಯವರು ಮೊದಲು ಕೇಳುವುದು ‘ಯಾವ ಕಂಪೆನಿಯದ್ದು?’ ಎಂದು. ಲೀಟರ್ ಒಂದೇ ಆದರೂ ಒಂದರ ರಬ್ಬರ್ ಇನ್ನೊಂದಕ್ಕೆ ಕೂರುವುದಿಲ್ಲ. ಮಿಕ್ಸಿಯ ಜಾರಿನ ಕತೆಯೂ ಅಷ್ಟೇ. ಮನೆ ನಡೆಸುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಳೆಯ ಸೈಕಲೊಂದನ್ನು ಮತ್ತೆ ಓಡುವಂತೆ ಮಾಡಲು ಹೊರಟವರಿಗೆ ಇದೇ ಸಮಸ್ಯೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಆದರೆ ಅಲ್ಲಿ ಅಪಾಯ ದೊಡ್ಡದು. ಕೂರದ ಭಾಗವನ್ನು ಹೇಗೋ ಕೂರಿಸಿಬಿಟ್ಟರೆ ಬೀಳುವುದು ಆ ಸೈಕಲ್ ಏರಿದ ಮಗು.

ಬಿಎಂಎಕ್ಸ್ ಸೈಕಲನ್ನು ನೀವು ನೋಡಿರುತ್ತೀರಿ. ಇಪ್ಪತ್ತು ಇಂಚಿನ ಪುಟ್ಟ ಚಕ್ರ, ಎತ್ತರದ ಹ್ಯಾಂಡಲ್, ಗಟ್ಟಿಮುಟ್ಟಾದ ಫ್ರೇಮ್. ಇದರ ತವರು ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ. ಶ್ವಿನ್ ಕಂಪೆನಿ 1963ರಲ್ಲಿ ‘ಸ್ಟಿಂಗ್-ರೇ’ ಎಂಬ ಮಕ್ಕಳ ಸೈಕಲನ್ನು ಮಾರುಕಟ್ಟೆಗೆ ತಂದಿತು. ಅಲ್ಲಿನ ಹುಡುಗರು ಅದನ್ನೇರಿ, ಮಣ್ಣಿನ ದಿಬ್ಬಗಳ ಮೇಲೆ ಮೋಟಾರ್ ಸೈಕಲ್ ಪಂದ್ಯಗಳನ್ನು ಅನುಕರಿಸತೊಡಗಿದರು. 1970ರಲ್ಲಿ ಲಾಂಗ್ ಬೀಚ್ ಎಂಬ ಊರಿನಲ್ಲಿ ಸ್ಕಾಟ್ ಬ್ರೈಟಾಪ್ಟ್ ಎಂಬ 13 ವರ್ಷದ ಬಾಲಕನೇ ಪಂದ್ಯ ಏರ್ಪಡಿಸಿದ. ಮಕ್ಕಳ ಈ ಆಟ ಬೆಳೆದು 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೂ ಸೇರಿತು. 1970-80ರ ದಶಕಗಳಲ್ಲಿ ಈ ಸೈಕಲ್ ಓಡಿಸಿದವರು ಈಗ ಅಪ್ಪಂದಿರು, ಅಜ್ಜಂದಿರು. ಶೆಡ್ಡಿನಲ್ಲಿ ತುಕ್ಕು ಹಿಡಿದು ಬಿದ್ದ ಬಾಲ್ಯದ ಸೈಕಲನ್ನು ಹೊರತೆಗೆದು ದುರಸ್ತಿ ಮಾಡುವುದು ಅವರಲ್ಲಿ ಅನೇಕರ ಹವ್ಯಾಸ.

ತೊಡಕು ಆರಂಭವಾಗುವುದೇ ಇಲ್ಲಿ. ಆ ಕಾಲದಲ್ಲಿ ದೊಡ್ಡ ಕಾರ್ಖಾನೆಗಳ ಜೊತೆಗೆ ಚಿಕ್ಕ ಚಿಕ್ಕ ವರ್ಕ್‌ಶಾಪ್‌ಗಳೂ ಈ ಸೈಕಲ್‌ಗಳನ್ನು ತಯಾರಿಸುತ್ತಿದ್ದವು. ಅಮೆರಿಕದ ಅಳತೆ ಒಂದಾದರೆ ಜಪಾನಿನದ್ದು ಇನ್ನೊಂದು, ಯೂರೋಪಿನದ್ದು ಮತ್ತೊಂದು. ಒಂದೇ ಸೈಕಲಿನಲ್ಲಿ ಇವು ಬೆರೆತಿರುವುದೂ ಉಂಟು.

ಟಯರನ್ನೇ ನೋಡಿ. ಒಂದರ ಮೇಲೆ 20 x 1.75 ಎಂದು ಬರೆದಿದೆ. ಇನ್ನೊಂದರ ಮೇಲೆ 20 x 1 3/4 ಎಂದಿದೆ. ಮುಕ್ಕಾಲು ಎಂದರೂ ಪಾಯಿಂಟ್ ಎಪ್ಪತ್ತೈದು ಎಂದರೂ ಲೆಕ್ಕದಲ್ಲಿ ಒಂದೇ ಅಲ್ಲವೇ? ಸೈಕಲಿನಲ್ಲಿ ಒಂದೇ ಅಲ್ಲ! ಮೊದಲನೆಯದು ಕೂರುವ ರಿಮ್ಮಿನ ವ್ಯಾಸ 406 ಮಿಲಿಮೀಟರ್. ಎರಡನೆಯದು ಹಳೆಯ ಶ್ವಿನ್ ಸೈಕಲ್‌ಗಳ ಅಳತೆ, ಅದರ ರಿಮ್ 419 ಮಿಲಿಮೀಟರ್. 20 x 1 3/8 ಎಂದಿದ್ದರೆ ಸಾಮಾನ್ಯವಾಗಿ 451. ಮೂರೂ ‘ಇಪ್ಪತ್ತು ಇಂಚು’ಗಳೇ. ಚಿಕ್ಕ ಟಯರ್ ದೊಡ್ಡ ರಿಮ್ಮಿಗೆ ಏರುವುದಿಲ್ಲ. ದೊಡ್ಡ ಟಯರ್ ಚಿಕ್ಕ ರಿಮ್ಮಿಗೆ ಸಲೀಸಾಗಿ ಏರುತ್ತದೆ, ಆದರೆ ಗಾಳಿ ತುಂಬಿದಾಗ ಕಳಚಿಕೊಳ್ಳುತ್ತದೆ. ಆದ್ದರಿಂದ ಇಂಚಿನ ಸಂಖ್ಯೆಯನ್ನು ನಂಬಬೇಡಿ. ಈಗಿನ ಟಯರ್‌ಗಳ ಬದಿಯಲ್ಲಿ 47-406 ಎಂಬಂತೆ ಇನ್ನೊಂದು ಜೋಡಿ ಸಂಖ್ಯೆ ಇರುತ್ತದೆ. ಮೊದಲನೆಯದು ಟಯರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ. ಈ ಎರಡನೆಯ ಸಂಖ್ಯೆ ಹೊಂದಿಕೆಯಾಗಲೇಬೇಕು. ನಿಮ್ಮ ಮನೆಯ ಮಕ್ಕಳ ಸೈಕಲಿಗೆ ಟಯರ್ ತರುವಾಗಲೂ ಈ ಮಾತು ನೆನಪಿರಲಿ.

ಎಲ್ಲಕ್ಕಿಂತ ಅಪಾಯದ ಜಾಗ ಹ್ಯಾಂಡಲ್. ಹ್ಯಾಂಡಲನ್ನು ಹಿಡಿದುಕೊಂಡು ಮುಂದಿನ ಫೋರ್ಕಿನ ಕೊಳವೆಯೊಳಗೆ ಇಳಿಯುವ ಭಾಗಕ್ಕೆ ಸ್ಟೆಮ್ ಎನ್ನುತ್ತಾರೆ. ಆ ಕಾಲದ ಅನೇಕ ಅಮೆರಿಕನ್ ಬಿಎಂಎಕ್ಸ್‌ಗಳಲ್ಲಿ ಇದರ ದಪ್ಪ 21.1 ಮಿಲಿಮೀಟರ್. ಬೇರೆ ಅನೇಕ ಸೈಕಲ್‌ಗಳಲ್ಲಿ 22.2. ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು, ಕಣ್ಣಿಗೆ ಕಾಣದಷ್ಟು. 21.1ರ ಸ್ಟೆಮ್ಮನ್ನು 22.2ರ ಕೊಳವೆಗೆ ಇಳಿಸಿ ಬೋಲ್ಟ್ ಬಿಗಿದರೆ, ಗಟ್ಟಿಯಾಗಿ ಕೂತಂತೆಯೇ ಕಾಣುತ್ತದೆ. ಮಗು ವೇಗವಾಗಿ ಬಂದು ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಹ್ಯಾಂಡಲ್ ಮಾತ್ರ ತಿರುಗಬಹುದು, ಚಕ್ರ ನೇರ ಹೋಗಬಹುದು. ನಡುವೆ ತಗಡಿನ ತುಂಡು ಸುತ್ತಿ ಬಿಗಿಯುವ ‘ಉಪಾಯ’ ಇಲ್ಲಿ ಸಲ್ಲದು. ದಪ್ಪ ಸ್ಟೆಮ್ಮನ್ನು ಅರದಿಂದ ಉಜ್ಜಿ ತೆಳ್ಳಗೆ ಮಾಡುವುದೂ ಸಲ್ಲದು. 21.1ರ ಸ್ಟೆಮ್‌ಗಳು ಹೊಸದಾಗಿಯೇ ಸಿಗುತ್ತವೆ. ಹುಡುಕಿ ತರಿಸಿಕೊಳ್ಳುವುದೇ ಸರಿಯಾದ ದಾರಿ.

ಇನ್ನು ಪೆಡಲ್. ಹಳೆಯ ಬಿಎಂಎಕ್ಸ್‌ಗಳಲ್ಲಿ ಎರಡು ಬಗೆಯ ಕ್ರ್ಯಾಂಕ್‌ಗಳಿವೆ. ಒಂದು, ಒಂದೇ ಉಕ್ಕಿನ ಸರಳನ್ನು ಬಗ್ಗಿಸಿ ಮಾಡಿದ್ದು. ಇನ್ನೊಂದು, ಎರಡು ಕೈ ಮತ್ತು ನಡುವಿನ ದಂಡ ಬೇರೆಬೇರೆಯಾಗಿರುವುದು. ಮೊದಲನೆಯದಕ್ಕೆ ಅರ್ಧ ಇಂಚಿನ ಪೆಡಲ್, ಎರಡನೆಯದಕ್ಕೆ 9/16 ಇಂಚಿನದ್ದು. ಇವು ಅದಲುಬದಲಾಗುವುದಿಲ್ಲ. ಅಷ್ಟೇ ಅಲ್ಲ, ಎಡಗಡೆಯ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ತುಳಿಯುತ್ತಾ ಹೋದಂತೆ ಅದು ತಾನಾಗಿ ಸಡಿಲವಾಗದಿರಲಿ ಎಂದೇ ಹೀಗೆ ಮಾಡಿದ್ದಾರೆ. ಇದನ್ನರಿಯದೆ ಬಲ ಹಾಕಿದರೆ ಥ್ರೆಡ್ ಹಾಳಾಗುತ್ತದೆ. ಒಂದೇ ಸರಳಿನ ಕ್ರ್ಯಾಂಕ್‌ನಲ್ಲಿ ಎಡಬದಿಯ ನಟ್ಟು ಕೂಡ ಉಲ್ಟಾ. ಈ ಕ್ರ್ಯಾಂಕ್‌ಗಳಲ್ಲೂ ಒಳಭೇದವಿದೆ: ಒಂದು ಇಂಚಿನೊಳಗೆ ಸಾಮಾನ್ಯವಾಗಿ 24 ಥ್ರೆಡ್, ಶ್ವಿನ್ ಕಂಪೆನಿಯದ್ದರಲ್ಲಿ 28. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಸ್ವಲ್ಪ ತಿರುಗಿ ಬಿಗಿಯಾಗುತ್ತದೆ. ‘ತುಕ್ಕು ಇರಬೇಕು’ ಎಂದುಕೊಂಡು ಸ್ಪಾನರ್ ಹಾಕಿದರೆ ನಟ್ಟೂ ಹೋಯಿತು, ಕ್ರ್ಯಾಂಕೂ ಹೋಯಿತು.

ಎಲ್ಲವೂ ಇಷ್ಟು ಹಟಮಾರಿಯಲ್ಲ. ಕೆಲವು ಕಡೆ ಹೊಂದಾಣಿಕೆಗೆ ಅವಕಾಶವಿದೆ. ಕ್ರ್ಯಾಂಕ್ ಕೂರುವ ಅಮೆರಿಕನ್ ಮಾದರಿಯ ದೊಡ್ಡ ತೂತಿಗೆ ಅಡಾಪ್ಟರ್ ಹಾಕಿ ಮೂರು ತುಂಡಿನ ಕ್ರ್ಯಾಂಕ್ ಜೋಡಿಸಬಹುದು. ಸೀಟಿನ ಕಂಬ ತೆಳುವಾಗಿದ್ದರೆ ಅದಕ್ಕೆಂದೇ ಮಾಡಿದ ಅಳತೆಯ ತೋಳು, ಅಂದರೆ ಶಿಮ್, ಹಾಕಿ ಬಿಗಿಯಬಹುದು. ಕಂಬದ ಮೇಲೆ ಗುರುತು ಇರುವಷ್ಟು ಭಾಗ ಒಳಗೆ ಇಳಿದಿರಬೇಕು ಅಷ್ಟೇ. ಅಗಲದ ಚೈನು ತೆಳು ಹಲ್ಲಿನ ಮೇಲೆ ಸಾಮಾನ್ಯವಾಗಿ ಓಡುತ್ತದೆ, ತೆಳು ಚೈನು ಅಗಲದ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಎಲ್ಲಿ ಹೊಂದಿಸಿಕೊಳ್ಳಬಹುದು, ಎಲ್ಲಿ ಕೂಡದು ಎಂದು ತಿಳಿಯುವುದೇ ಈ ಕೆಲಸದ ಅರ್ಧ ವಿದ್ಯೆ.

ಉಳಿದ ಅರ್ಧ ತಾಳ್ಮೆ. ಅದಕ್ಕೆ ಕೆಲವು ಸರಳ ಕ್ರಮಗಳಿವೆ. ಬಿಚ್ಚುವ ಮೊದಲು ಎಲ್ಲ ಬದಿಗಳಿಂದ ಫೋಟೊ ತೆಗೆದಿಡಿ. ಬಿಚ್ಚಿದ ಭಾಗ ಹಾಳಾಗಿದ್ದರೂ ಗುಜರಿಗೆ ಹಾಕಬೇಡಿ, ಅಂಗಡಿಗೆ ಅದನ್ನೇ ಒಯ್ಯಿರಿ. ಹಳೆಯ ರವಿಕೆ ಕೊಟ್ಟರೆ ದರ್ಜಿಗೆ ಅಳತೆ ಸುಲಭವಲ್ಲವೇ? ಬರಿಯ ಸ್ಕೇಲ್ ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಅಳೆದದ್ದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡೇ ಖರೀದಿಗೆ ಹೊರಡಿ. ತುಕ್ಕು ಹಿಡಿದು ಕಚ್ಚಿಕೊಂಡ ಭಾಗಕ್ಕೆ ಸುತ್ತಿಗೆಯಿಂದ ಬಡಿಯುವ ಬದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ಕಾಯಿರಿ. ಹೊಸ ನಟ್ಟು, ಪೆಡಲ್ ಯಾವುದೇ ಇರಲಿ, ಮೊದಲ ಎರಡು ಮೂರು ಸುತ್ತು ಬೆರಳಿನಲ್ಲೇ ತಿರುಗಬೇಕು. ತಿರುಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಥ್ರೆಡ್ಡಿನಲ್ಲಿ ಕೊಳೆ ಇದ್ದರೆ ತೆಗೆದು ನೋಡಿ. ಆಗಲೂ ತಿರುಗದಿದ್ದರೆ ಅದು ಬೇರೆ ಅಳತೆಯದ್ದು.

ಭಾಗ ಕೂರಲಿಲ್ಲವೆಂದು ಫ್ರೇಮನ್ನು ಮಾತ್ರ ಉಜ್ಜಬೇಡಿ, ಕೊರೆಯಬೇಡಿ. ಭಾಗ ಇನ್ನೊಂದು ಸಿಕ್ಕೀತು. ಅಪ್ಪ ಓಡಿಸಿದ ಆ ಫ್ರೇಮ್ ಇನ್ನೊಂದು ಸಿಗುವುದಿಲ್ಲ. ಕೊನೆಗೆ ಎಲ್ಲ ಜೋಡಿಸಿದ ಮೇಲೆ ಮಗುವಿನ ಕೈಗೆ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿ. ಮುಂದಿನ ಚಕ್ರವನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಬಲವಾಗಿ ತಿರುಗಿಸಿ ನೋಡಿ. ಒಂದಿಷ್ಟು ಜಾರಿದರೂ ಸೈಕಲ್ ಮನೆಯಿಂದ ಹೊರಡಬಾರದು. ಜಾರದಿದ್ದರೂ ಸ್ಟೆಮ್ಮಿನ ಅಳತೆ ಸರಿಯಿದೆಯೆಂದು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ. ಮಗು ಕಾಯಬೇಕಾದೀತು, ಅತ್ತೀತು. ಸರಿಯಾದ ಭಾಗ ಬರುವವರೆಗೆ ಸೈಕಲ್ ಗೋಡೆಗೆ ಒರಗಿಕೊಂಡೇ ಇರಲಿ.